ಹಳೆ ಡಿಟಿಎಚ್ ಡಿಶ್‌ನಲ್ಲಿ ಡಿಡಿ ಫ್ರೀ ಡಿಶ್: ತಾರಸಿಯಿಂದ ಟಿವಿವರೆಗೆ ಪೂರ್ತಿ ಮಾರ್ಗದರ್ಶಿ

ರೀಚಾರ್ಜ್ ಮಾಡುವುದನ್ನು ಬಿಟ್ಟ ಮೇಲೆ ತಾರಸಿಯ ಡಿಶ್ ಸುಮ್ನೆ ನಿಂತಿರುತ್ತದೆ. ಮೊಬೈಲ್ ಬಂತು, ಫೈಬರ್ ಬಂತು, ಡಿಶ್ ಕಡೆ ಯಾರೂ ನೋಡುವುದಿಲ್ಲ. ಗುಜರಿಗೆ ಹಾಕಿದರೂ ಹೆಚ್ಚೇನೂ ಸಿಗುವುದಿಲ್ಲ. ಆದರೆ ಅದು ಇನ್ನೂ ಕೆಲಸಕ್ಕೆ ಬರುವ ವಸ್ತು. ಡಿಶ್ ಎಂದರೆ ಆಕಾಶದಿಂದ ಬರುವ ಅಲೆಗಳನ್ನು ಒಂದು ಬಿಂದುವಿಗೆ ಸೇರಿಸುವ ಲೋಹದ ತಟ್ಟೆ, ಅಷ್ಟೆ. ಅದಕ್ಕೆ ಕಂಪನಿ ಗೊತ್ತಿಲ್ಲ, ಪ್ಯಾಕ್ ಗೊತ್ತಿಲ್ಲ. ಬೀಗ ಇರುವುದು ಕೆಳಗೆ ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್‌ನಲ್ಲಿ. ಬಾಕ್ಸ್ ಬದಲಿಸಿ, ತಟ್ಟೆಯನ್ನು ಬೇರೆ ಉಪಗ್ರಹದ ಕಡೆ ತಿರುಗಿಸಿದರೆ ತಿಂಗಳ ಬಾಡಿಗೆ ಇಲ್ಲದೆ ಟಿವಿ ನೋಡಬಹುದು.

ನಮ್ಮಲ್ಲಿ ಇದಕ್ಕೆ ಇರುವ ಒಳ್ಳೆಯ ದಾರಿ ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾಯಿತು. ಈಗ ಇದು ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. 2015ರ ನವೆಂಬರ್‌ನಲ್ಲಿ ಹಾರಿಸಿದ ಈ ಉಪಗ್ರಹ ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ ನಿಂತಿದೆ. ನೋಡುವವರಿಗೆ ಉಚಿತ ಹೇಗೆ ಅಂದರೆ, ಖಾಸಗಿ ಚಾನೆಲ್‌ಗಳು ಇಲ್ಲಿ ಜಾಗ ಪಡೆಯಲು ಪ್ರಸಾರ ಭಾರತಿ ನಡೆಸುವ ಹರಾಜಿನಲ್ಲಿ ದುಡ್ಡು ಕಟ್ಟುತ್ತವೆ. ನೋಡುಗರಿಂದ ಬಾಡಿಗೆಯನ್ನೂ ಕೇಳುವುದಿಲ್ಲ, ರೀಚಾರ್ಜನ್ನೂ ಕೇಳುವುದಿಲ್ಲ.

ಮೊದಲು ಏನು ಸಿಗುತ್ತದೆ ಅಂತ ತಿಳಿದುಕೊಳ್ಳಿ

ಸ್ಪ್ಯಾನರ್ ಹಿಡಿಯುವ ಮೊದಲೇ ಇದನ್ನು ಹೇಳಿಬಿಡಬೇಕು. ಫ್ರೀ ಡಿಶ್‌ನಲ್ಲಿ ಹಿಂದಿ ಚಾನೆಲ್‌ಗಳೇ ಜಾಸ್ತಿ. ಸಂಜೆಯ ಕನ್ನಡ ಧಾರಾವಾಹಿಗಳಿಗಾಗಿಯೇ ಟಿವಿ ಹಾಕುವ ಮನೆಯಾದರೆ ಇದೊಂದೇ ಸಾಕಾಗುವುದಿಲ್ಲ. ಕನ್ನಡಕ್ಕೆ ಡಿಡಿ ಚಂದನ ಇದೆ. ಅದರ ಜತೆಗೆ ಡಿಡಿ ನ್ಯಾಷನಲ್, ಡಿಡಿ ನ್ಯೂಸ್, ಡಿಡಿ ಸ್ಪೋರ್ಟ್ಸ್, ಡಿಡಿ ಕಿಸಾನ್, ಸಂಸದ್ ಟಿವಿ ಬರುತ್ತವೆ. ಆಕಾಶವಾಣಿಯ ಹಲವು ಕೇಂದ್ರಗಳೂ ಇದೇ ಬಾಕ್ಸ್‌ನಲ್ಲಿ ಕೇಳುತ್ತವೆ. ಮಕ್ಕಳ ಪಾಠದ ಪಿಎಂ ಇ-ವಿದ್ಯಾ ಮತ್ತು ಕಾಲೇಜು ಮಟ್ಟದ ಸ್ವಯಂ ಪ್ರಭಾ ಚಾನೆಲ್‌ಗಳೂ ಜಿಸ್ಯಾಟ್-15ರಿಂದಲೇ ಬರುತ್ತವೆ. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಮಾತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ದೂರದರ್ಶನದ ಜತೆ ಹಂಚಿಕೊಳ್ಳಬೇಕು ಎಂದು 2007ರ ಕಾನೂನು ಹೇಳುತ್ತದೆ. ಹಾಗಾಗಿ ಭಾರತ ಆಡುವ ಹಲವು ಪಂದ್ಯಗಳು ಇಲ್ಲಿ ಪುಕ್ಕಟೆ ಸಿಗುತ್ತವೆ.

ತೋಟದ ಮನೆ, ನೆಟ್‌ವರ್ಕ್ ಸಿಗದ ಮಲೆನಾಡಿನ ಮೂಲೆ, ಅಜ್ಜ ಅಜ್ಜಿ ಇಬ್ಬರೇ ಇರುವ ಹಳ್ಳಿ ಮನೆ, ಕೆಲಸದವರ ಶೆಡ್ಡು. ಇಂಥ ಕಡೆಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಪಟ್ಟಣದ ಮನೆಯಲ್ಲಿ ಎರಡನೇ ಟಿವಿಗೂ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ನಿಮ್ಮ ಡಿಶ್ ಬಾಡಿಗೆ ಯೋಜನೆಯಲ್ಲಿ ಬಂದಿದ್ದರೆ ಅದು ಕಂಪನಿಯದೇ ಆಗಿರಬಹುದು. ಹಳೆ ಬಿಲ್ ತೆಗೆದು ನೋಡಿ. ಕೊಂಡ ಡಿಶ್ ಆಗಿದ್ದರೆ ಯೋಚನೆ ಬೇಡ.

ಬೇಕಾದ ಸಾಮಾನು

ಹಳೆ ಡಿಶ್ ಮತ್ತು ಅದರ ಕಂಬ ಇದೆ. ಹೊಸದಾಗಿ ಕೊಳ್ಳಲೇಬೇಕಾದದ್ದು ಫ್ರೀ ಡಿಶ್‌ಗೆ ಹೊಂದುವ ಸೆಟ್‌ಟಾಪ್ ಬಾಕ್ಸ್. ಹಳೆ ಕಂಪನಿಯ ಬಾಕ್ಸ್ ಇದಕ್ಕೆ ಬರುವುದಿಲ್ಲ, ಅದರ ಸಾಫ್ಟ್‌ವೇರ್ ಆ ಕಂಪನಿಗೇ ಕಟ್ಟಿಹಾಕಿರುತ್ತದೆ. ಅಂಗಡಿಯಲ್ಲಿ ಎಂಪೆಗ್-2, ಎಂಪೆಗ್-4 ಎಂದು ಎರಡು ಬಗೆ ತೋರಿಸುತ್ತಾರೆ. ಎಂಪೆಗ್-2 ಬಾಕ್ಸ್ ಅಗ್ಗ. ಆದರೆ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಅದರಲ್ಲಿ ಕಾಣುವುದಿಲ್ಲ. ಎಂಪೆಗ್-4 ಬಾಕ್ಸ್ ಎರಡನ್ನೂ ತೋರಿಸುತ್ತದೆ. ಇಲ್ಲಿ ಒಂದಿಷ್ಟು ದುಡ್ಡು ಉಳಿಸಲು ಹೋಗಬೇಡಿ. ದೂರದರ್ಶನದ ಅನುಮೋದನೆ ಇರುವ ಎಂಪೆಗ್-4 ಬಾಕ್ಸನ್ನೇ ಕೇಳಿ ತೆಗೆದುಕೊಳ್ಳಿ. ನಿಮ್ಮ ಟಿವಿಗೆ ಎಚ್‌ಡಿಎಂಐ ಇದೆಯೋ ಮೂರು ಬಣ್ಣದ ಪಿನ್ ಇದೆಯೋ ಅಂತ ನೋಡಿಕೊಂಡೇ ಅಂಗಡಿಗೆ ಹೋಗಿ.

ಡಿಶ್‌ನ ಮುಂದಿನ ತೋಳಿನ ತುದಿಯಲ್ಲಿ, ತಟ್ಟೆ ಸೇರಿಸಿದ ಅಲೆಗಳನ್ನು ಹಿಡಿದು ಕೇಬಲ್‌ಗೆ ಕಳಿಸುವ ಎಲ್‌ಎನ್‌ಬಿ ಇರುತ್ತದೆ. ಅದರ ಮೇಲಿನ ಚೀಟಿ ಓದಿ. 9750 ಮತ್ತು 10600 ಎಂದು ಬರೆದಿದ್ದರೆ ಅದು ಯೂನಿವರ್ಸಲ್ ಎಲ್‌ಎನ್‌ಬಿ, ಹಾಗೇ ಬಳಸಬಹುದು. ಚೀಟಿ ಬಿಸಿಲಿಗೆ ಅಳಿಸಿಹೋಗಿದ್ದರೆ, ಬೇರೆ ಅಂಕಿ ಇದ್ದರೆ ಅಥವಾ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ. ಕೆಲವು ನೂರು ರೂಪಾಯಿಯ ವಸ್ತು. ಬಿರುಕಿನಲ್ಲಿ ನೀರು ಹೋದ ಎಲ್‌ಎನ್‌ಬಿ ಬೇಸಿಗೆಯಲ್ಲಿ ನಡೆದು ಮಳೆಗಾಲದಲ್ಲಿ ಕೈಕೊಡುತ್ತದೆ, ದೋಷ ಹುಡುಕುವುದೇ ಕಷ್ಟವಾಗುತ್ತದೆ. ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ತೋಳಿನ ಹಿಡಿ ಎಲ್ಲ ಕಂಪನಿಯದೂ ಒಂದೇ ತರ ಇರುವುದಿಲ್ಲ.

ಡಿಶ್‌ನಿಂದ ಬಾಕ್ಸ್‌ಗೆ ಎಳೆಯುವ ಆರ್‌ಜಿ-6 ಕೇಬಲ್, ಅದರ ತುದಿಗಳಿಗೆ ಹಾಕುವ ಎರಡು ಎಫ್ ಕನೆಕ್ಟರ್, ಸ್ಪ್ಯಾನರ್, ಮಾರ್ಕರ್ ಪೆನ್, ದಿಕ್ಸೂಚಿ ಇರುವ ಮೊಬೈಲ್. ಸಣ್ಣ ಟಿವಿಯನ್ನು ತಾರಸಿಗೇ ಒಯ್ಯಲು ಸಾಧ್ಯವಾದರೆ ಅರ್ಧ ಕೆಲಸ ಮುಗಿದ ಹಾಗೆ. ಆಗದಿದ್ದರೆ ಕೆಳಗೊಬ್ಬರು, ಮೇಲೊಬ್ಬರು, ನಡುವೆ ಫೋನ್.

ತಟ್ಟೆ ಮತ್ತು ಕಂಬದ ಪರೀಕ್ಷೆ

ಬಣ್ಣ ಹೋಗಿದೆ, ಅಲ್ಲಲ್ಲಿ ತುಕ್ಕು ಇದೆ ಅಂತ ಡಿಶ್ ಬಿಸಾಕಬೇಡಿ. ತೆಳು ತುಕ್ಕು ಸಿಗ್ನಲ್‌ಗೆ ಅಡ್ಡಿಯಲ್ಲ. ಆಕಾರ ಕೆಟ್ಟರೆ ಮಾತ್ರ ಕಷ್ಟ. ಇಲ್ಲಿ ಬರುವ ಅಲೆಯ ಉದ್ದ ಸುಮಾರು 2.7 ಸೆಂಟಿಮೀಟರ್. ಹಾಗಾಗಿ ತಟ್ಟೆ ಕೆಲವೇ ಮಿಲಿಮೀಟರ್ ಸೊಟ್ಟಗಾದರೂ ಅಲೆಗಳು ಒಂದೇ ಬಿಂದುವಿಗೆ ಸೇರುವುದಿಲ್ಲ. ಪರೀಕ್ಷೆ ಸುಲಭ. ಡಿಶ್‌ನ ಅಂಚಿನಿಂದ ಅಂಚಿಗೆ ಎರಡು ದಾರವನ್ನು ಕೂಡಿಸುವ ಗುರುತಿನ ಹಾಗೆ ಬಿಗಿಯಾಗಿ ಕಟ್ಟಿ. ನಡುವಲ್ಲಿ ದಾರಗಳು ಒಂದನ್ನೊಂದು ಸುಮ್ಮನೆ ಮುಟ್ಟಬೇಕು. ನಡುವೆ ಸಂದು ಕಂಡರೆ ತಟ್ಟೆ ತಿರುಚಿದೆ. ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ ದಾರಗಳ ಜಾಗ ಮೇಲೆ ಕೆಳಗೆ ಅದಲುಬದಲು ಮಾಡಿ ಮತ್ತೆ ನೋಡಿ. ಸ್ವಲ್ಪ ತಿರುಚಿದ್ದರೆ ಕೈಯಿಂದ ಒತ್ತಿ ಸರಿಮಾಡಬಹುದು. ಕೋತಿ ಕೂತು ಬಗ್ಗಿಸಿದ ಡಿಶ್‌ಗಳನ್ನು ಹೀಗೆ ಸರಿಮಾಡಿದ್ದೂ ಉಂಟು. ಕಲ್ಲು ಬಿದ್ದು ಆಳವಾಗಿ ತಗ್ಗಾಗಿದ್ದರೆ ಅದರ ಹಿಂದೆ ಬೀಳಬೇಡಿ. ಬಣ್ಣ ಹೊಡೆಯುವುದಾದರೆ ಹೊಳಪಿಲ್ಲದ ಬಣ್ಣ ತೆಳುವಾಗಿ ಹೊಡೆಯಿರಿ. ಹೊಳೆಯುವ ಬಣ್ಣ ಹೊಡೆದರೆ ತಟ್ಟೆ ಬಿಸಿಲನ್ನೂ ಸೇರಿಸಿ ಎಲ್‌ಎನ್‌ಬಿ ಮೇಲೆ ಹಾಕುತ್ತದೆ.

ಇನ್ನು ಕಂಬ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ. ಕಂಬ ನೆಟ್ಟಗಿಲ್ಲದಿದ್ದರೆ ಡಿಶ್ ಅನ್ನು ಪಕ್ಕಕ್ಕೆ ತಿರುಗಿಸಿದಾಗ ಎತ್ತರದ ಕೋನವೂ ಬದಲಾಗುತ್ತದೆ. ಆಗ ಸ್ಕೇಲಿನ ಅಂಕಿ ಯಾವುದೂ ನಂಬಲು ಬರುವುದಿಲ್ಲ. ದಾರಕ್ಕೆ ಕಲ್ಲು ಕಟ್ಟಿ ಕಂಬದ ಪಕ್ಕ ಇಳಿಬಿಡಿ. ಎರಡು ಕಡೆಯಿಂದ ನೋಡಿ. ದಾರಕ್ಕೂ ಕಂಬಕ್ಕೂ ಅಂತರ ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ಬೋಲ್ಟ್ ಸಡಿಲಾಗಿದ್ದರೆ ಈಗಲೇ ಬಿಗಿ ಮಾಡಿ. ಅಲ್ಲಾಡುವ ಕಂಬದ ಮೇಲೆ ಸಿಗ್ನಲ್ ಹಿಡಿದು ಪ್ರಯೋಜನವಿಲ್ಲ, ಮೊದಲ ಗಾಳಿಗೇ ಹೋಗುತ್ತದೆ.

ಆಕಾಶದಲ್ಲಿ ಎಲ್ಲಿ ನೋಡಬೇಕು

ಕರ್ನಾಟಕದ ಯಾವ ಊರಿಂದ ನೋಡಿದರೂ ಜಿಸ್ಯಾಟ್-15 ಇರುವುದು ಆಗ್ನೇಯದ ಆಸುಪಾಸಿನಲ್ಲಿ, ಸಾಕಷ್ಟು ಎತ್ತರದಲ್ಲಿ. ಮೂರು ಅಳತೆ ಬೇಕು. ಮೊದಲನೆಯದು ದಿಕ್ಕು. ಇದನ್ನು ಉತ್ತರದಿಂದ ಬಲಕ್ಕೆ ಎಣಿಸಬೇಕು, ಪೂರ್ವ ಎಂದರೆ 90, ದಕ್ಷಿಣ ಎಂದರೆ 180. ಎರಡನೆಯದು ನೆಲಮಟ್ಟದಿಂದ ಎತ್ತರ. ಮೂರನೆಯದು ಎಲ್‌ಎನ್‌ಬಿಯ ಓರೆ.

ಬೆಂಗಳೂರು: ದಿಕ್ಕು 128, ಎತ್ತರ 66, ಓರೆ 50
ಮೈಸೂರು: ದಿಕ್ಕು 125, ಎತ್ತರ 66, ಓರೆ 53
ಮಂಗಳೂರು: ದಿಕ್ಕು 123, ಎತ್ತರ 64, ಓರೆ 54
ಹುಬ್ಬಳ್ಳಿ: ದಿಕ್ಕು 129, ಎತ್ತರ 62, ಓರೆ 49
ಬೆಳಗಾವಿ: ದಿಕ್ಕು 128, ಎತ್ತರ 61, ಓರೆ 49
ಕಲಬುರಗಿ: ದಿಕ್ಕು 135, ಎತ್ತರ 62, ಓರೆ 43

ಎಲ್ಲವೂ ಡಿಗ್ರಿಯಲ್ಲಿ. ನಿಮ್ಮ ಊರು ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ ಊರಿನ ಅಂಕಿ ಹಿಡಿದು ಶುರುಮಾಡಿ.

ಉಪಗ್ರಹ ಇಷ್ಟು ಎತ್ತರದಲ್ಲಿ ಇರುವುದರಿಂದ ಒಂದು ಅನುಕೂಲ ಇದೆ. ಆಗ್ನೇಯದಲ್ಲಿ ತೆಂಗಿನ ಮರ ಇದೆ, ಸಿಗ್ನಲ್ ಬರಲ್ಲ ಅಂತ ಸುಮಾರು ಜನ ಕೈಬಿಡುತ್ತಾರೆ. ಡಿಶ್‌ಗಿಂತ 10 ಮೀಟರ್ ಮೇಲಕ್ಕೆ ಬೆಳೆದ ಮರವೂ ಅದರ ಗರಿಯ ತುದಿ 6 ಮೀಟರ್ ಆಚೆ ಇದ್ದರೆ ಅಡ್ಡ ಬರುವುದಿಲ್ಲ. ಹತ್ತಿರದ ನೀರಿನ ಟ್ಯಾಂಕ್, ಪಕ್ಕದ ಮನೆಯ ಗೋಡೆ, ತಲೆ ಮೇಲೆ ಚಾಚಿದ ಕೊಂಬೆ, ಇವನ್ನು ಮಾತ್ರ ನೋಡಿಕೊಳ್ಳಿ.

ಡಿಶ್ ಮುಖ ನೋಡಿ ಮೋಸ ಹೋಗಬೇಡಿ. ಡಿಟಿಎಚ್ ಡಿಶ್‌ಗಳು ಆಫ್‌ಸೆಟ್ ಬಗೆಯವು. ಅಂದರೆ ತಟ್ಟೆ ನೆಟ್ಟಗೆ ನಿಂತಿದ್ದರೂ ಅದು ನೋಡುವುದು ಸುಮಾರು 24 ಡಿಗ್ರಿ ಮೇಲಕ್ಕೆ. ಆದ್ದರಿಂದ ಬೆಂಗಳೂರಿನಲ್ಲಿ 66 ಡಿಗ್ರಿ ಎತ್ತರ ನೋಡಲು ತಟ್ಟೆ ನೆಟ್ಟಗಿನ ಸ್ಥಿತಿಯಿಂದ ಸುಮಾರು 42 ಡಿಗ್ರಿ ಹಿಂದಕ್ಕೆ ವಾಲಿದರೆ ಸಾಕು. ಹಿಂದಿನ ಕ್ಲಾಂಪ್ ಮೇಲೆ ಸ್ಕೇಲ್ ಇದ್ದರೆ ಈ ಲೆಕ್ಕ ಅದರಲ್ಲೇ ಸೇರಿರುತ್ತದೆ, ನೇರ 66ಕ್ಕೆ ಇಡಿ. ಸ್ಕೇಲ್ ಅಳಿಸಿಹೋಗಿದ್ದರೆ ತಟ್ಟೆಯ ಮೇಲಂಚಿನಿಂದ ಕೆಳ ಅಂಚಿಗೆ ಒಂದು ನೇರ ಕೋಲು ಇಟ್ಟು, ಅದರ ಮೇಲೆ ಮೊಬೈಲಿನ ಕೋನ ಅಳೆಯುವ ಆ್ಯಪ್ ಇಟ್ಟು ನೋಡಿ.

ಹಳೆ ಜಾಗದಿಂದ ಎಷ್ಟು ತಿರುಗಿಸಬೇಕು

ಡಿಶ್ ಇನ್ನೂ ಹಳೆ ಕಂಪನಿಯ ಕಡೆಗೇ ಮುಖಮಾಡಿ ನಿಂತಿದ್ದರೆ ಅದನ್ನು ಕದಲಿಸುವ ಮೊದಲು ಮಾರ್ಕರ್‌ನಿಂದ ಕಂಬದ ಮೇಲೂ ಕ್ಲಾಂಪ್ ಮೇಲೂ ಒಂದೇ ನೇರಕ್ಕೆ ಗೆರೆ ಹಾಕಿ. ಆ ಗೆರೆ ನಿಮಗೆ ದಿಕ್ಸೂಚಿಗಿಂತ ಚೆನ್ನಾಗಿ ದಾರಿ ತೋರಿಸುತ್ತದೆ. ಯಾಕೆಂದರೆ ಹಳೆ ಉಪಗ್ರಹದ ಜಾಗ ಗೊತ್ತಿದೆ, ಹೊಸದರ ಜಾಗವೂ ಗೊತ್ತಿದೆ, ನಡುವಿನ ಅಂತರ ಲೆಕ್ಕ ಹಾಕಿದರೆ ಆಯಿತು.

ಮುಂದಿನ ಅಂಕಿಗಳು ಬೆಂಗಳೂರಿಗೆ. ಡಿಶ್ ಹಿಂದೆ ನಿಂತು, ಅದು ನೋಡುವ ಕಡೆಗೇ ನೀವೂ ಮುಖಮಾಡಿ ನಿಂತಿದ್ದೀರಿ ಎಂದುಕೊಳ್ಳಿ.

ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿ ಪೂರ್ವದಲ್ಲಿವೆ. ಎಡಕ್ಕೆ 29 ಡಿಗ್ರಿ ತಿರುಗಿಸಬೇಕು, 7ರಿಂದ 8 ಡಿಗ್ರಿ ಕೆಳಗಿಳಿಸಬೇಕು. ಎಲ್‌ಎನ್‌ಬಿಯನ್ನೂ ಇನ್ನು 28 ಡಿಗ್ರಿಯಷ್ಟು ತಿರುಚಬೇಕು. ಡಿ2ಎಚ್ 88 ಡಿಗ್ರಿಯಲ್ಲಿದೆ, ಅದಕ್ಕೆ ಎಡಕ್ಕೆ 12ರಿಂದ 13, ಕೆಳಗೆ 4ರಿಂದ 5. ಡಿಶ್ ಟಿವಿ 95ರಲ್ಲಿದೆ, ತೀರಾ ಹತ್ತಿರ. ಬಲಕ್ಕೆ ಎರಡೂವರೆ, ಮೇಲಕ್ಕೆ ಒಂದೂವರೆ ಡಿಗ್ರಿ ಸಾಕು. ಏರ್‌ಟೆಲ್ 108.2ರಲ್ಲಿದೆ, ಬಲಕ್ಕೆ 17ರಿಂದ 18, ಮೇಲಕ್ಕೆ 14ರಿಂದ 15. ಸನ್ ಡೈರೆಕ್ಟ್ ಇದ್ದ ಮನೆಯವರಿಗೆ ಕೆಲಸ ಇನ್ನೂ ಹಗುರ. ಆ ಸೇವೆ 93.5 ಮತ್ತು 91.5 ಡಿಗ್ರಿಗಳಿಂದ ಬರುತ್ತದೆ. ಡಿಶ್ 93.5ರ ಕಡೆಗಿದ್ದರೆ ಮುಟ್ಟುವ ಅಗತ್ಯವೇ ಇಲ್ಲದಿರಬಹುದು, ಮೊದಲು ಬಾಕ್ಸ್ ಜೋಡಿಸಿ ನೋಡಿ. 91.5ರ ಕಡೆಗಿದ್ದರೆ ಎಡಕ್ಕೆ 4 ಡಿಗ್ರಿ, ಕೆಳಗೆ 2 ಡಿಗ್ರಿಯಷ್ಟು ಸರಿಸಿ.

ಡಿಗ್ರಿಯನ್ನು ಕಂಬದ ಮೇಲೆ ಅಳೆಯುವುದು ಹೇಗೆ? ಕಂಬದ ಸುತ್ತಳತೆಯನ್ನು 360ರಿಂದ ಭಾಗಿಸಿ. 50 ಮಿಲಿಮೀಟರ್ ದಪ್ಪದ ಪೈಪಿನ ಸುತ್ತಳತೆ 157 ಮಿಲಿಮೀಟರ್. ಅಂದರೆ 29 ಡಿಗ್ರಿಗೆ ಗೆರೆಗಳ ನಡುವೆ ಸುಮಾರು 12.5 ಮಿಲಿಮೀಟರ್ ಅಂತರ ಬರಬೇಕು.

ಡಿಶ್ ಬಿಚ್ಚಿ ಬೇರೆ ಕಡೆ ತಂದಿದ್ದರೆ ದಿಕ್ಸೂಚಿಯೇ ಗತಿ. ಮೊಬೈಲನ್ನು ಡಿಶ್‌ಗೆ ತಾಗಿಸಿ ನೋಡಬೇಡಿ, ಕಬ್ಬಿಣದ ಪಕ್ಕ ಅದು ತಪ್ಪು ತೋರಿಸುತ್ತದೆ. ನಾಲ್ಕೈದು ಹೆಜ್ಜೆ ಹಿಂದೆ ನಿಂತು ದಿಕ್ಕು ಹಿಡಿದು, ದೂರದ ಒಂದು ಮರವನ್ನೋ ಕಟ್ಟಡವನ್ನೋ ಗುರುತು ಮಾಡಿಕೊಳ್ಳಿ. ಆಮೇಲೆ ಡಿಶ್ ತೋಳನ್ನು ಆ ಗುರುತಿನ ನೇರಕ್ಕೆ ತಿರುಗಿಸಿ.

ಎಲ್‌ಎನ್‌ಬಿ ಓರೆ

ಹೆಚ್ಚಿನವರು ದಿಕ್ಕು, ಎತ್ತರ ಎರಡೇ ನೋಡಿ ಇದನ್ನು ಬಿಡುತ್ತಾರೆ. ಸಿಗ್ನಲ್ ಬಂದೂ ಬಾರದಂತೆ ಆಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಲೆಗಳು ನೆಟ್ಟಗೆ ಅಥವಾ ಅಡ್ಡಕ್ಕೆ ಕಂಪಿಸುತ್ತಾ ಬರುತ್ತವೆ. ನಾವು ಉಪಗ್ರಹದ ನೇರ ಕೆಳಗಿಲ್ಲ, ಬಹಳ ಪಶ್ಚಿಮಕ್ಕಿದ್ದೇವೆ. ಹಾಗಾಗಿ ನಮಗೆ ಆ ನೆಟ್ಟಗಿನ ಅಲೆ ಓರೆಯಾಗಿ ತಲುಪುತ್ತದೆ. ಎಲ್‌ಎನ್‌ಬಿಯನ್ನೂ ಅಷ್ಟೇ ಓರೆ ಮಾಡಬೇಕು.

ಈಗ ಡಿಶ್‌ನ ಮುಂದೆ ಬನ್ನಿ, ತಟ್ಟೆಗೆ ಮುಖಮಾಡಿ ನಿಲ್ಲಿ. ಕೇಬಲ್ ಸೇರುವ ತುದಿ ನೇರ ಕೆಳಗೆ, ಗಡಿಯಾರದ 6ರ ಜಾಗದಲ್ಲಿದ್ದರೆ ಓರೆ ಸೊನ್ನೆ. ಅಲ್ಲಿಂದ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿ. 50 ಡಿಗ್ರಿ ಎಂದರೆ ಕೇಬಲ್ ತುದಿ 7 ಮತ್ತು 8ರ ನಡುವೆ, 8ಕ್ಕೆ ಹತ್ತಿರ ಬರುತ್ತದೆ. ಎಷ್ಟೋ ಎಲ್‌ಎನ್‌ಬಿಗಳ ಕತ್ತಿನ ಮೇಲೆ ಡಿಗ್ರಿ ಗೆರೆಗಳೇ ಇರುತ್ತವೆ. ಸದ್ಯಕ್ಕೆ ಇದು ಅಂದಾಜು, ಕೊನೆಯಲ್ಲಿ ಮತ್ತೆ ತಿದ್ದೋಣ.

ಕೇಬಲ್ ಮತ್ತು ಬಾಕ್ಸ್ ಸೆಟ್ಟಿಂಗ್

ಕೇಬಲ್ ಜೋಡಿಸುವಾಗ ಬಾಕ್ಸ್‌ನ ಪ್ಲಗ್ ತೆಗೆದಿರಬೇಕು. ಅದೇ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕರೆಂಟ್ ಹೋಗುತ್ತದೆ. ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಕನೆಕ್ಟರ್ ಹಾಕಿದ ಮೇಲೆ ಕಣ್ಣಿಟ್ಟು ನೋಡಿ. ಕೇಬಲ್‌ನ ನಡುವಿನ ತಾಮ್ರ ಹಸಿರುಗಟ್ಟಿದ್ದರೆ ಆ ತುದಿಯನ್ನು ಹೊಸ ತಾಮ್ರ ಕಾಣುವವರೆಗೆ ಕತ್ತರಿಸಿ. ಹಸಿರು ಹೋಗದಿದ್ದರೆ ಕೇಬಲ್ಲೇ ಬದಲಿಸಿ.

ಬಾಕ್ಸ್ ಮೆನುವಿನಲ್ಲಿ ಇನ್‌ಸ್ಟಲೇಷನ್ ಅಥವಾ ಆಂಟೆನಾ ಸೆಟ್ಟಿಂಗ್‌ಗೆ ಹೋಗಿ. ಉಪಗ್ರಹ ಜಿಸ್ಯಾಟ್-15, 93.5 ಪೂರ್ವ. ಕೆಲವು ಬಾಕ್ಸ್‌ಗಳಲ್ಲಿ ಹಳೆ ಹೆಸರು ಇನ್‌ಸ್ಯಾಟ್-4ಬಿ ಎಂದೇ ಇರುತ್ತದೆ, ಅದನ್ನೇ ಆರಿಸಿ. ಎಲ್‌ಎನ್‌ಬಿ ಬಗೆ ಯೂನಿವರ್ಸಲ್, 9750/10600. ಎಲ್‌ಎನ್‌ಬಿ ಪವರ್ ಆನ್. 22ಕೆ ಆಟೊ ಅಥವಾ ಆಫ್. ಡೈಸೆಕ್ ಆಫ್. ಫ್ರೀಕ್ವೆನ್ಸಿ 11090, ಪೋಲರೈಸೇಷನ್ ವಿ (ಅಂದರೆ ನೆಟ್ಟಗಿನ ಅಲೆ, ಎಚ್ ಎಂದರೆ ಅಡ್ಡದ್ದು), ಸಿಂಬಲ್ ರೇಟ್ 29500. ಅದರಲ್ಲಿ ಏನೂ ಕಾಣದಿದ್ದರೆ 11170 ಅಥವಾ 11470 ಹಾಕಿ ನೋಡಿ. ಅವೂ ವಿ, 29500.

ಸಿಗ್ನಲ್ ಹಿಡಿಯುವುದು

ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ. ಒಂದು ಸ್ಟ್ರೆಂಗ್ತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂಗ್ತ್ 70, 80 ತೋರಿಸಿದರೂ ಹಿಗ್ಗಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಅದು ಏರುತ್ತದೆ. ಅದರಿಂದ ಗೊತ್ತಾಗುವುದು ಕೇಬಲ್ ಸರಿ ಇದೆ ಅಂತ ಮಾತ್ರ. ಸರಿಯಾದ ಉಪಗ್ರಹ ಸಿಕ್ಕಿದೆ ಅಂತ ಹೇಳುವುದು ಕ್ವಾಲಿಟಿ ಪಟ್ಟಿ. ಇನ್ನು ಮುಂದೆ ಕಣ್ಣು ಅದರ ಮೇಲೆ ಮಾತ್ರ ಇರಲಿ.

ಎತ್ತರದ ಬೋಲ್ಟನ್ನು ನಿಮ್ಮ ಊರಿನ ಅಂಕಿಗೆ ಇಟ್ಟು ಬಿಗಿ ಮಾಡಿ. ಕಂಬದ ಕ್ಲಾಂಪ್ ಮಾತ್ರ ಸ್ವಲ್ಪ ಸಡಿಲಿಸಿ. ಅಂದಾಜು ದಿಕ್ಕಿಗಿಂತ 10 ಡಿಗ್ರಿ ಎಡದಿಂದ ಶುರುಮಾಡಿ ನಿಧಾನವಾಗಿ ಬಲಕ್ಕೆ ಬನ್ನಿ. 60 ಸೆಂಟಿಮೀಟರ್ ಡಿಶ್‌ನ ಅಂಚು 5 ಮಿಲಿಮೀಟರ್ ಸರಿದರೆ 1 ಡಿಗ್ರಿ ಆಯಿತು. ಇಂಥ ಡಿಶ್‌ನ ನೋಟದ ಅಗಲವೇ ಸುಮಾರು 3 ಡಿಗ್ರಿ. ಜೋರಾಗಿ ತಿರುಗಿಸಿದರೆ ಉಪಗ್ರಹ ದಾಟಿಹೋದದ್ದೂ ಗೊತ್ತಾಗುವುದಿಲ್ಲ. ಬಾಕ್ಸ್‌ಗೂ ಸಿಗ್ನಲ್ ಗುರುತಿಸಲು ಒಂದೆರಡು ಸೆಕೆಂಡ್ ಬೇಕು. ಆದ್ದರಿಂದ ಸ್ವಲ್ಪ ಸರಿಸಿ, ಕೈ ತೆಗೆಯಿರಿ, ಮನಸ್ಸಿನಲ್ಲೇ ಮೂರು ಎಣಿಸಿ, ಮತ್ತೆ ಸರಿಸಿ. ಆ ಸಾಲು ಪೂರ್ತಿ ನೋಡಿಯೂ ಏನೂ ಬರದಿದ್ದರೆ ಎತ್ತರ 2 ಡಿಗ್ರಿ ಏರಿಸಿ ಇನ್ನೊಮ್ಮೆ, ಆಮೇಲೆ 2 ಡಿಗ್ರಿ ಇಳಿಸಿ ಇನ್ನೊಮ್ಮೆ. ಇಲ್ಲಿ ತಾಳ್ಮೆ ಒಂದೇ ಉಪಾಯ. ಅವಸರದಲ್ಲಿ ಎರಡು ಬೋಲ್ಟ್ ಒಟ್ಟಿಗೆ ಸಡಿಲಿಸಿದರೆ ಎಲ್ಲಿದ್ದೇವೆ ಎಂಬುದೇ ತಪ್ಪಿಹೋಗುತ್ತದೆ.

ಕ್ವಾಲಿಟಿ ಪಟ್ಟಿ ಎದ್ದಿತೇ? ಕೂಡಲೇ ಸ್ಕ್ಯಾನ್ ಕೊಟ್ಟು ಡಿಡಿ ಚಾನೆಲ್‌ಗಳು ಬರುತ್ತವೆಯೇ ನೋಡಿ. ಬರೀ ಬೀಗ ಹಾಕಿದ ಚಾನೆಲ್ ಬಂದರೆ ನೀವು ಪಕ್ಕದ ಉಪಗ್ರಹ ಹಿಡಿದಿದ್ದೀರಿ, ಅಥವಾ ಸ್ಕ್ಯಾನ್‌ನಲ್ಲಿ ಸನ್ ಡೈರೆಕ್ಟ್ ಚಾನೆಲ್‌ಗಳೂ ಸೇರಿವೆ. ಡಿಡಿ ಬಂದರೆ ಜಾಗ ಸರಿ. ಈಗ ನಯವಾಗಿ ತಿದ್ದುವ ಕೆಲಸ. ಎಡಕ್ಕೆ ಸರಿಸುತ್ತಾ ಕ್ವಾಲಿಟಿ ಬೀಳುವ ಜಾಗ ಗುರುತು ಮಾಡಿ, ಬಲಕ್ಕೂ ಹಾಗೇ ಮಾಡಿ, ಎರಡರ ನಟ್ಟನಡುವೆ ನಿಲ್ಲಿಸಿ. ಎತ್ತರಕ್ಕೂ ಇದೇ ಕ್ರಮ. ಕೊನೆಗೆ ಎಲ್‌ಎನ್‌ಬಿಯನ್ನು ಸ್ವಲ್ಪ ಸ್ವಲ್ಪ ತಿರುಚಿ ಅತಿ ಹೆಚ್ಚು ಕ್ವಾಲಿಟಿ ಬರುವಲ್ಲಿ ಬಿಡಿ. ಬೋಲ್ಟ್‌ಗಳನ್ನು ಒಂದೊಂದಾಗಿ, ಎರಡೂ ಬದಿ ಸಮನಾಗಿ ಬಿಗಿ ಮಾಡಿ. ಬಿಗಿ ಮಾಡುವಾಗಲೇ ಡಿಶ್ ಸರಿದುಬಿಡುತ್ತದೆ, ಪರದೆ ನೋಡುತ್ತಲೇ ಇರಿ.

ಕ್ವಾಲಿಟಿ ಸೊನ್ನೆಯಿಂದ ಏಳುವುದೇ ಇಲ್ಲವೇ? ಡಿಶ್ ಕದಲಿಸದೆ ಮೆನುವಿನಲ್ಲಿ ವಿ ಬದಲು ಎಚ್ ಹಾಕಿ ನೋಡಿ. ಆಗ ಬಂದರೆ ಎಲ್‌ಎನ್‌ಬಿ 90 ಡಿಗ್ರಿ ತಪ್ಪಾಗಿ ಕೂತಿದೆ ಎಂದರ್ಥ. ಅದನ್ನು ತಿರುಗಿಸಿ ಮತ್ತೆ ವಿಗೆ ತನ್ನಿ. ಸ್ಟ್ರೆಂಗ್ತ್ ಕೂಡ ಸೊನ್ನೆ ಇದ್ದರೆ ತೊಂದರೆ ಆಕಾಶದಲ್ಲಿ ಇಲ್ಲ, ಕೇಬಲ್‌ನಲ್ಲೋ ಕನೆಕ್ಟರ್‌ನಲ್ಲೋ ಎಲ್‌ಎನ್‌ಬಿಯಲ್ಲೋ ಇದೆ.

ಮಳೆ, ಸಿಡಿಲು, ಬಿಸಿಲು

ಈ ಅಲೆಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ. ಆಗುಂಬೆ, ಮಡಿಕೇರಿ ಕಡೆಯವರು 60 ಸೆಂಟಿಮೀಟರ್ ಡಿಶ್‌ನಲ್ಲಿ ಜುಲೈ ಕಳೆಯುವುದು ಕಷ್ಟ. ಹಳೆಯದಾದರೂ 90 ಸೆಂಟಿಮೀಟರ್ ಡಿಶ್ ಸಿಕ್ಕರೆ ಬಿಡಬೇಡಿ, ಅದು 60ರದಕ್ಕಿಂತ ಎರಡೂಕಾಲು ಪಟ್ಟು ಸಿಗ್ನಲ್ ಹಿಡಿಯುತ್ತದೆ. ಸಣ್ಣ ಡಿಶ್ಶೇ ಇದ್ದರೆ ನಯವಾಗಿ ತಿದ್ದುವುದಕ್ಕೆ ಇನ್ನೂ ಹೆಚ್ಚು ಸಮಯ ಕೊಡಿ. ಬೇಸಿಗೆಯಲ್ಲಿ ಸುಮಾರಾಗಿ ಹಿಡಿದ ಸಿಗ್ನಲ್ ಮಳೆಗಾಲದಲ್ಲಿ ಮೊದಲು ಹೋಗುತ್ತದೆ. ಎಲ್‌ಎನ್‌ಬಿ ಸೇರುವಲ್ಲಿ ಕೇಬಲ್ಲಿಗೆ ಒಂದು ಬಳಕು ಕೊಟ್ಟು ಕೆಳಗಿಳಿಸಿ. ನೀರು ಆ ಬಳಕಿನ ತಳದಿಂದ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಹೋಗುವುದಿಲ್ಲ.

ಗುಡುಗು ಶುರುವಾದರೆ ಪ್ಲಗ್ ತೆಗೆದರೆ ಸಾಲದು. ಬಾಕ್ಸ್‌ನಿಂದ ಡಿಶ್ ಕೇಬಲ್ಲನ್ನೂ ಬಿಚ್ಚಬೇಕು, ಅದೂ ಗುಡುಗು ದೂರದಲ್ಲಿ ಕೇಳುವಾಗಲೇ. ಕಂಬಕ್ಕೆ ಅರ್ತಿಂಗ್ ಮಾಡಿಸಿ. ತಾರಸಿ ಹತ್ತಿರ ಕರೆಂಟ್ ತಂತಿ ಹಾದುಹೋಗಿದ್ದರೆ ಉದ್ದದ ಪೈಪ್ ಎತ್ತುವ ಕೆಲಸಕ್ಕೆ ಒಬ್ಬರೇ ಇಳಿಯಬೇಡಿ, ಒದ್ದೆ ತಾರಸಿಯ ಮೇಲಂತೂ ಬೇಡವೇ ಬೇಡ.

ಮಾರ್ಚ್ ಮಧ್ಯದಲ್ಲಿ, ಆಮೇಲೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಬೆಳಗ್ಗೆ 11ರ ಸುಮಾರಿಗೆ ಕೆಲವು ದಿನ ಕೆಲವು ನಿಮಿಷ ಚಿತ್ರ ಹೋಗಬಹುದು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಅವನ ಶಾಖದ ಸದ್ದಿನಲ್ಲಿ ಸಿಗ್ನಲ್ ಮುಳುಗುತ್ತದೆ. ಡಿಶ್ ಮುಟ್ಟಬೇಡಿ, ತಾನೇ ಸರಿಯಾಗುತ್ತದೆ.

ಆಮೇಲೆ

ಹರಾಜಿನ ನಂತರ ಚಾನೆಲ್‌ಗಳು ಬರುತ್ತವೆ, ಹೋಗುತ್ತವೆ, ಜಾಗ ಬದಲಿಸುತ್ತವೆ. ನೋಡುತ್ತಿದ್ದ ಚಾನೆಲ್ ಕಾಣೆಯಾದರೆ ಮೊದಲು ಆಟೊ ಸ್ಕ್ಯಾನ್ ಮಾಡಿ. ರೀಚಾರ್ಜ್ ಮುಗಿದಿದೆ, ದುಡ್ಡು ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಕೊಡಬೇಡಿ. ಫ್ರೀ ಡಿಶ್‌ಗೆ ರೀಚಾರ್ಜ್ ಎಂಬುದೇ ಇಲ್ಲ. ಊರಲ್ಲಿರುವ ಹಿರಿಯರಿಗೂ ಇದನ್ನು ಬಿಡಿಸಿ ಹೇಳಿಡಿ.

ಎರಡು ಟಿವಿಗೆ ಬೇಕಾದರೆ ಒಂದು ಕೇಬಲ್ಲನ್ನು ಸ್ಪ್ಲಿಟರ್‌ನಿಂದ ಹಂಚುವುದಕ್ಕಿಂತ ಎರಡು ತುದಿ ಇರುವ ಎಲ್‌ಎನ್‌ಬಿ ಹಾಕಿ, ಎರಡು ಕೇಬಲ್ ಇಳಿಸಿ, ಪ್ರತಿ ಟಿವಿಗೂ ಒಂದು ಬಾಕ್ಸ್ ಇಡಿ. ಆಗ ಒಬ್ಬರು ಚಾನೆಲ್ ಬದಲಿಸಿದರೆ ಇನ್ನೊಬ್ಬರಿಗೆ ತೊಂದರೆ ಆಗುವುದಿಲ್ಲ.